ಗಂಡು ನೆಲಗಪ್ಪೆಯ ಒಡಲಲ್ಲಿ ಉಳಿದ ಅಂಡಾಶಯ

(ಜೂನ್ ತಿಂಗಳ ಒಂದು ಸಂಜೆ ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಸಂಕ್ಷೇಪವಾಗಿ ಹೇಳಿದ ಕೆಲವು ಭಾಗಗಳನ್ನು ಇಲ್ಲಿ ವಿಸ್ತರಿಸಿದ್ದೇನೆ.)

ಹಿರಿಯರೇ, ಸ್ನೇಹಿತರೇ, ಪಿಯುಸಿ ಮತ್ತು ಪದವಿ ತರಗತಿಗಳಿಂದ ಬಂದಿರುವ ವಿದ್ಯಾರ್ಥಿಗಳೇ,

2019ರ ಜೂನ್ ತಿಂಗಳಲ್ಲಿ ಮುಂಗಾರು ತಡವಾದಾಗ ಇದೇ ಉಡುಪಿಯಲ್ಲಿ ಎರಡು ಕಪ್ಪೆಗಳಿಗೆ ಮದುವೆ ಮಾಡಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಳೆಗಾಗಿ ಕಪ್ಪೆಯ ಮೊರೆ ಹೋಗುವ ಆಚರಣೆ ನಮ್ಮ ನಾಡಿನಲ್ಲಿ ಹಳೆಯದು. ಅದರ ಹಿಂದಿನ ನಂಬಿಕೆಯನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ಆದರೆ ಬಹುಕಾಲ ಪ್ರಾಣಿಶಾಸ್ತ್ರವನ್ನು ಕಲಿಸಿಕೊಂಡು ಬಂದ ನನ್ನ ಮನಸ್ಸಿನಲ್ಲಿ ಆ ಸುದ್ದಿ ಓದಿದಾಗ ಎದ್ದ ಪ್ರಶ್ನೆ ಒಂದೇ: ವರ ಯಾವುದು, ವಧು ಯಾವುದು ಎಂದು ಗುರುತಿಸುವುದು ಹೇಗೆ? ದನ, ಆಡು, ನಾಯಿಗಳಲ್ಲಿ ಮಕ್ಕಳೂ ಹೇಳಬಲ್ಲ ಈ ಸಂಗತಿ ಕಪ್ಪೆಯಲ್ಲಿ ಅಷ್ಟು ಸುಲಭವಲ್ಲ, ಏಕೆಂದರೆ ಗಂಡು ಕಪ್ಪೆಗೆ ಹೊರಗೆ ಕಾಣುವ ಜನನಾಂಗವೇ ಇಲ್ಲ. ಗಂಡು ಹೆಣ್ಣು ಎರಡರಲ್ಲಿಯೂ ಮಲ, ಮೂತ್ರ ಮತ್ತು ಸಂತಾನದ ಕಣಗಳು ಹೊರಬರುವುದು ಕ್ಲೋಯಕ ಎಂಬ ಒಂದೇ ದ್ವಾರದಿಂದ. ಆದುದರಿಂದ ಗಂಡನ್ನು ಗುರುತಿಸಬೇಕಾದರೆ ಅದರ ಗಂಟಲನ್ನು, ಬೆರಳನ್ನು, ಕೂಗನ್ನು ಗಮನಿಸಬೇಕು. ಅದನ್ನು ನಿಜವಾಗಿ ಅರಿಯಬೇಕಾದರೆ ಒಡಲೊಳಗೆ ಇಳಿಯಬೇಕು. ಹಾಗೆ ಒಳಗೆ ಇಳಿದಾಗ ನಾವು ಎಣಿಸಿಯೇ ಇರದ ಒಂದು ವಸ್ತು ಎದುರಾಗುತ್ತದೆ. ಇಂದಿನ ಮಾತಿನ ಬಹುಭಾಗ ಅದರ ಬಗ್ಗೆಯೇ ಇದೆ.

ಮೊದಲು ನಾನು ಯಾವ ಕಪ್ಪೆಯ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಸ್ಪಷ್ಟವಾಗಿರಲಿ. ಗದ್ದೆಯ ನೀರಿನಲ್ಲಿ ಕುಪ್ಪಳಿಸುವ ನುಣುಪು ಮೈಯ ಕಪ್ಪೆಯಲ್ಲ. ಸಂಜೆಯಾಗುತ್ತಲೇ ಅಂಗಳದ ದೀಪದ ಕೆಳಗೆ ಬಂದು ಹುಳಕ್ಕಾಗಿ ಕಾದು ಕುಳಿತುಕೊಳ್ಳುವ, ಮೈತುಂಬ ಕಪ್ಪು ಮೊನೆಯ ಗುಳ್ಳೆಗಳಿರುವ, ಕಣ್ಣಿನ ಹಿಂದೆ ಹುರುಳಿಬೀಜದಂತಹ ಎರಡು ಉಬ್ಬಿದ ವಿಷಗ್ರಂಥಿಗಳನ್ನು ಹೊತ್ತ ನೆಲಗಪ್ಪೆ. 1799ರಲ್ಲಿ ಜರ್ಮನಿಯ ಷ್ನೈಡರ್ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದನು. ಬಹುಕಾಲ ಬ್ಯೂಫೊ ಮೆಲನೋಸ್ಟಿಕ್ಟಸ್ ಎಂದು ನಾವು ಬರೆಯುತ್ತಿದ್ದ ಈ ಪ್ರಾಣಿ 2006ರಿಂದ ಡುಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್ ಆಗಿದೆ. ಕುಲದ ಈ ಹೊಸ ಹೆಸರು ಭಾರತದ ಕಪ್ಪೆ ತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥ ಬಂದದ್ದು. ಅದನ್ನು ಮುಟ್ಟಿದರೆ ಕೈಗೆ ನರೂಲಿ ಬರುತ್ತದೆ ಎಂಬುದು ಸುಳ್ಳು. ಆದರೆ ಗ್ರಂಥಿಯ ಹಾಲಿನಂತಹ ಸ್ರಾವ ಕಣ್ಣಿಗೋ ಬಾಯಿಗೋ ತಗಲಬಾರದು. ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಕಪ್ಪೆಗಳ ವಿಷಯದಲ್ಲಿ ನಮ್ಮ ಕರಾವಳಿ ಬಡವಲ್ಲ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಹೆಸರನ್ನು ಹೊತ್ತ ಯೂಫ್ಲಿಕ್ಟಿಸ್ ಅಲೋಯ್ಸಿಯೈ ಎಂಬ ಕಪ್ಪೆ 2009ರಲ್ಲಿ ವರ್ಣಿತವಾಯಿತು. ಮಂಗಳೂರಿನ ಕೊಂಕಣಿ ಹೆಸರಾದ ಕೊಡಿಯಾಲವನ್ನು ಹೊತ್ತ ಮೈಕ್ರೊಹೈಲಾ ಕೊಡಿಯಾಲ್ 2018ರಲ್ಲಿ ಬೆಳಕಿಗೆ ಬಂದಿತು. ಊರಿನ ಹೊಂಡಗಳಲ್ಲಿಯೇ ಇದ್ದು ನಮ್ಮ ಕಣ್ಣಿಗೆ ಬೀಳದಿದ್ದ ಜೀವಿಗಳಿವು. ನೆಲಗಪ್ಪೆಯ ಸಂಗತಿ ಇದಕ್ಕೆ ತದ್ವಿರುದ್ಧ. ಅದು ಎಲ್ಲರ ಕಣ್ಣಿಗೂ ಬಿದ್ದಿದೆ, ಆದರೆ ಅದರ ಒಳಗನ್ನು ನೋಡಿದವರು ಕಡಿಮೆ.

ನನ್ನ ಪದವಿಯ ದಿನಗಳಲ್ಲಿ ಕಪ್ಪೆಯ ಅಂಗಛೇದನ ಕಡ್ಡಾಯವಾಗಿತ್ತು. ಮೇಣದ ತಟ್ಟೆಯ ಮೇಲೆ ಪ್ರಾಣಿಯನ್ನು ಮಲಗಿಸಿ, ಸೂಜಿ ಚುಚ್ಚಿ, ಹೊಟ್ಟೆಯ ಚರ್ಮವನ್ನು ಬಿಡಿಸಿ ಚಿತ್ರ ಬರೆಯುತ್ತಿದ್ದೆವು. ಒಮ್ಮೆ ನನ್ನ ತಟ್ಟೆಗೆ ಬಂದದ್ದು ಗಂಡು ನೆಲಗಪ್ಪೆ. ವೃಷಣದ ಮುಂತುದಿಯಲ್ಲಿ ಅದಕ್ಕೆ ಅಂಟಿಕೊಂಡಂತೆ, ಬಣ್ಣದಲ್ಲಿ ಬೇರೆಯಾಗಿ, ಸಣ್ಣ ಸಣ್ಣ ಕಾಳುಗಳನ್ನು ಒತ್ತೊತ್ತಾಗಿ ಜೋಡಿಸಿದಂತಿದ್ದ ಒಂದು ಮುದ್ದೆಯನ್ನು ಕಂಡು, ಅದನ್ನು ಕೊಬ್ಬಿನ ತುಣುಕೆಂದು ಬರೆದು ಅಂಕಗಳನ್ನು ಪಡೆದೆನು. ತಿದ್ದಿದವರಿಗೂ ಅದು ಸರಿಯೆಂದೇ ತೋರಿತು. ಅದು ಕೊಬ್ಬಲ್ಲ, ಅಂಡಕೋಶಗಳು ತುಂಬಿದ ಅಂಗವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಒಂದು ಜೀವವನ್ನು ಕೊಂದು, ಅದರ ಒಡಲಿನ ಅತ್ಯಂತ ಅಪೂರ್ವವಾದ ವಸ್ತುವನ್ನು ಕಣ್ಣಾರೆ ಕಂಡೂ ತಿಳಿಯದೆ ಹೋದೆನಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2014ರಲ್ಲಿ ಇಂತಹ ಅಂಗಛೇದನವನ್ನು ಪ್ರಾಣಿಶಾಸ್ತ್ರದ ಪಠ್ಯದಿಂದ ಕೈಬಿಡಲು ಸೂಚಿಸಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕತ್ತರಿಯನ್ನು ಕೆಳಗಿಟ್ಟ ಮೇಲೆ ಆ ಜ್ಞಾನವನ್ನು ಮಾತಿನಿಂದ, ಚಿತ್ರದಿಂದ ದಾಟಿಸುವ ಹೊಣೆ ನಮ್ಮದಾಗುತ್ತದೆ.

ಈಗ ಒಳಗಿನ ರಚನೆಗೆ ಬರೋಣ. ಗಂಡು ನೆಲಗಪ್ಪೆಯ ಬೆನ್ನೆಲುಬಿನ ಎರಡೂ ಬದಿಯಲ್ಲಿ ಗಾಢ ಕೆಂಪು ಬಣ್ಣದ ಮೂತ್ರಪಿಂಡಗಳಿವೆ. ಅವುಗಳ ಹೊಟ್ಟೆಯ ಕಡೆಯ ಮುಖಕ್ಕೆ, ಮೆಸಾರ್ಕಿಯಂ ಎಂಬ ತೆಳುಪೊರೆಯಿಂದ ತೂಗಿಬಿದ್ದಂತೆ, ಒಂದೊಂದು ವೃಷಣ. ಗದ್ದೆಗಪ್ಪೆಯಲ್ಲಿ ವೃಷಣ ಸಾಮಾನ್ಯವಾಗಿ ಮೊಟ್ಟೆಯಾಕಾರದಲ್ಲಿದ್ದರೆ, ನೆಲಗಪ್ಪೆಯಲ್ಲಿ ಅದು ನೀಳವಾಗಿರುತ್ತದೆ. ನಮ್ಮಂತಹ ಬಿಸಿರಕ್ತದ ಸಸ್ತನಿಗಳಲ್ಲಿ ವೃಷಣಗಳು ದೇಹದ ಶಾಖದಿಂದ ದೂರವಿರಲೆಂದು ಹೊರಚೀಲಕ್ಕೆ ಇಳಿಯುತ್ತವೆ; ಸುತ್ತಲಿನ ಹವೆಯಂತೆಯೇ ಮೈಯ ಉಷ್ಣತೆ ಏರಿಳಿಯುವ ಕಪ್ಪೆಗೆ ಆ ಅಗತ್ಯವಿಲ್ಲ. ವೃಷಣದ ಮುಂಭಾಗದಿಂದ ಹಳದಿ ಬಣ್ಣದ, ಕೈಬೆರಳುಗಳಂತೆ ಕವಲೊಡೆದ ಕೊಬ್ಬಿನಕಾಯಗಳು ಹೊರಟಿರುತ್ತವೆ. ಆಹಾರ ಹೇರಳವಾಗಿರುವಾಗ ಇವು ಉಬ್ಬುತ್ತವೆ, ಸಂತಾನದ ಕಣಗಳನ್ನು ತಯಾರಿಸುವ ಕಾಲಕ್ಕೆ ಕರಗುತ್ತವೆ. ಮಳೆಗಾಲಕ್ಕೆಂದು ಕಟ್ಟಿಟ್ಟ ಅಟ್ಟದ ಕಟ್ಟಿಗೆಯಂತೆ ಈ ಕೊಬ್ಬು.

ವೃಷಣದೊಳಗೆ ಸುರುಳಿ ಸುತ್ತಿದ ಸಣ್ಣ ನಾಳಗಳಿವೆ, ಆ ನಾಳಗಳ ಒಳಗೆ ಗೂಡುಗಳಿವೆ. ವೀರ್ಯಾಣು ತಯಾರಾಗುವ ಕ್ರಮದಲ್ಲಿ ಕಪ್ಪೆಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಈ ಗೂಡುಗಳಲ್ಲಿದೆ. ಮನುಷ್ಯರಲ್ಲಿ ನಾಳದ ಗೋಡೆಯಿಂದ ನಡುವಿನವರೆಗೆ ಬೇರೆ ಬೇರೆ ಹಂತದ ಕೋಶಗಳು ಪದರಪದರವಾಗಿ ಇರುತ್ತವೆ. ಕಪ್ಪೆಯಲ್ಲಿಯಾದರೋ ವೀರ್ಯಾಣುಗಳನ್ನು ಪೋಷಿಸುವ ಸೆರ್ಟೋಲಿ ಕೋಶಗಳು ಸುತ್ತುಗಟ್ಟಿ ಒಂದೊಂದು ಗೂಡು ಮಾಡಿಕೊಳ್ಳುತ್ತವೆ, ಒಂದು ಗೂಡಿನೊಳಗಿನ ಕೋಶಗಳೆಲ್ಲ ಒಂದೇ ಹಂತದಲ್ಲಿ, ಒಟ್ಟಾಗಿ ಹೆಜ್ಜೆ ಹಾಕುತ್ತ ಬೆಳೆಯುತ್ತವೆ. ಕೊನೆಯಲ್ಲಿ ವೀರ್ಯಾಣುಗಳು ಕಂತೆ ಕಟ್ಟಿದಂತೆ ತಲೆಗಳನ್ನು ಸೆರ್ಟೋಲಿ ಕೋಶದತ್ತ ಚುಚ್ಚಿಕೊಂಡು, ಬಾಲವನ್ನು ನಾಳದ ನಡುವಿಗೆ ಚಾಚಿಕೊಂಡು ಅಪ್ಪಣೆಗಾಗಿ ಕಾಯುತ್ತವೆ. ನಾಳಗಳ ನಡುವಿನ ಸಂದುಗಳಲ್ಲಿ ಲೇಡಿಗ್ ಕೋಶಗಳಿವೆ. ಗಂಡಿನ ಹಾರ್ಮೋನಾದ ಟೆಸ್ಟೋಸ್ಟೆರೋನ್ ಅಲ್ಲಿ ತಯಾರಾಗುತ್ತದೆ. ಚಳಿದೇಶದ ಕಪ್ಪೆಗಳ ವೃಷಣ ಋತುವಿಗೆ ತಕ್ಕಂತೆ ದೊಡ್ಡದಾಗುತ್ತದೆ, ಸಣ್ಣದಾಗುತ್ತದೆ. ಉಷ್ಣವಲಯದ ಹಲವು ಜಾತಿಗಳಲ್ಲಿ ವರ್ಷದ ಬಹುಕಾಲ ಸಿದ್ಧ ವೀರ್ಯಾಣುಗಳಿರುತ್ತವೆ. ಸಿದ್ಧತೆ ಇದ್ದರೂ ಅಪ್ಪಣೆ ಬರಬೇಕು. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಮೊದಲ ಜಡಿಮಳೆ ಸುರಿದಾಗ ಕಪ್ಪೆಯ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಹಾರ್ಮೋನೇ ಆ ಅಪ್ಪಣೆ.

ಹೊರಟ ವೀರ್ಯಾಣುವಿನ ದಾರಿ ವಿಚಿತ್ರವಾದುದು. ಅದಕ್ಕೆ ತನ್ನದೇ ಆದ ಪ್ರತ್ಯೇಕ ಕೊಳವೆಯಿಲ್ಲ. ವೃಷಣದಿಂದ ಹೊರಡುವ ಕೂದಲೆಳೆಯಂತಹ ಸೂಕ್ಷ್ಮನಾಳಗಳು ತೆಳುಪೊರೆಯನ್ನು ದಾಟಿ ನೇರವಾಗಿ ಮೂತ್ರಪಿಂಡದೊಳಗೆ ಹೊಗುತ್ತವೆ. ಅಲ್ಲಿಂದ ವೀರ್ಯಾಣು ವೂಲ್ಫಿಯನ್ ನಾಳಕ್ಕೆ ಇಳಿದು ಕ್ಲೋಯಕವನ್ನು ಸೇರುತ್ತದೆ. ಮೂತ್ರ ಹೋಗುವುದೂ ಅದೇ ನಾಳದಲ್ಲಿ. ಹೆಣ್ಣಿನಲ್ಲಿ ಹಾಗಿಲ್ಲ, ಅಂಡನಾಳ ಬೇರೆ, ಮೂತ್ರನಾಳ ಬೇರೆ.

ಇಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ನಿಮ್ಮ ಪಠ್ಯಪುಸ್ತಕದಲ್ಲಿ ಕಪ್ಪೆಯ ವೃಷಣದಿಂದ 10ರಿಂದ 12 ಸೂಕ್ಷ್ಮನಾಳಗಳು ಹೊರಟು ಮೂತ್ರಪಿಂಡದೊಳಗಿನ ‘ಬಿಡ್ಡರ್ ನಾಳ’ಕ್ಕೆ ತೆರೆದುಕೊಳ್ಳುತ್ತವೆ ಎಂದಿದೆ. ಅದು ಗದ್ದೆಗಪ್ಪೆಯ ವರ್ಣನೆ, ಮತ್ತು ಅದು ನಾಳ. ನಾನು ಈಗ ಹೇಳಲಿರುವುದು ‘ಬಿಡ್ಡರ್ ಅಂಗ’ದ ಬಗ್ಗೆ, ಅದು ನೆಲಗಪ್ಪೆಗಳ ಕುಟುಂಬಕ್ಕೆ ಸೇರಿದ್ದು, ಮತ್ತು ಅದು ನಾಳವೇ ಅಲ್ಲ. ಎರಡಕ್ಕೂ ಹೆಸರು ಬಂದದ್ದು 19ನೆಯ ಶತಮಾನದಲ್ಲಿ ಡೋರ್ಪಟ್ (ಇಂದಿನ ಎಸ್ಟೋನಿಯಾದ ಟಾರ್ಟು) ನಗರದಲ್ಲಿ ಅಧ್ಯಾಪಕನಾಗಿದ್ದ ಶರೀರಶಾಸ್ತ್ರಜ್ಞ ಫ್ರೀಡ್ರಿಖ್ ಬಿಡ್ಡರ್‌ನಿಂದ. ಹೆಸರು ಒಂದೇ ಆದುದರಿಂದ ಪರೀಕ್ಷೆಯ ಉತ್ತರಗಳಲ್ಲಿ ಇವು ಅದಲುಬದಲಾಗುವುದನ್ನು ನಾನು ಪದೇಪದೇ ಕಂಡಿದ್ದೇನೆ.

ಬಿಡ್ಡರ್ ಅಂಗವೇ ನಾನು ಕೊಬ್ಬೆಂದು ಬರೆದ ಆ ಮುದ್ದೆ. ಗೊದಮೊಟ್ಟೆಯ ಹಂತದಲ್ಲಿ, ಮುಂದೆ ವೃಷಣವೋ ಅಂಡಾಶಯವೋ ಆಗಬೇಕಾದ ಅಂಗಾಂಶವು ಮೂತ್ರಪಿಂಡದ ಬಳಿ ಒಂದು ಏಣಿನಂತೆ ಮೂಡುತ್ತದೆ. ನೆಲಗಪ್ಪೆಗಳಲ್ಲಿ ಈ ಏಣಿನ ಮುಂಭಾಗ ಹಿಂಭಾಗಕ್ಕಾಗಿ ಕಾಯುವುದಿಲ್ಲ. ಹಿಂಭಾಗ ಗಂಡಾಗುವುದೋ ಹೆಣ್ಣಾಗುವುದೋ ಎಂದು ಗೊತ್ತಾಗುವ ಮೊದಲೇ ಮುಂಭಾಗದ ಕೋಶಗಳು ಅಂಡಕೋಶಗಳಾಗುವ ದಾರಿ ಹಿಡಿದುಬಿಡುತ್ತವೆ. ಮರಿ ಹೆಣ್ಣಾದರೆ ಹಿಂಭಾಗ ಅಂಡಾಶಯವಾಗುತ್ತದೆ, ಗಂಡಾದರೆ ವೃಷಣವಾಗುತ್ತದೆ. ಮುಂಭಾಗ ಮಾತ್ರ ಎರಡರಲ್ಲಿಯೂ ಅಂಡಾಶಯದ ಸ್ವಭಾವದ್ದೇ. ಹಲವು ಜಾತಿಗಳ ಹೆಣ್ಣುಗಳಲ್ಲಿ ಪ್ರಾಯಕ್ಕೆ ಬರುವ ಹೊತ್ತಿಗೆ ಅದು ಕರಗಿಹೋಗುತ್ತದೆ. ಗಂಡಿನಲ್ಲಿ ಅದು ಉಳಿಯುತ್ತದೆ! ಹೀಗೆ, ಅಂಗಳದಲ್ಲಿ ಕುಳಿತು ಹೆಣ್ಣನ್ನು ಕರೆಯುತ್ತಿರುವ ಪ್ರಾಯದ ಗಂಡಿನ ಒಡಲಲ್ಲಿ, ವೃಷಣದ ನೆತ್ತಿಯ ಮೇಲೆ, ಒಂದು ಎಳೆಯ ಅಂಡಾಶಯ ಕುಳಿತಿರುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ದುಂಡನೆಯ ಅಂಡಕೋಶಗಳು ಸ್ಪಷ್ಟವಾಗಿ ಕಾಣುತ್ತವೆ. ಅವುಗಳಲ್ಲಿ ಭಂಡಾರ, ಎಂದರೆ ಭ್ರೂಣಕ್ಕೆ ಆಹಾರವಾಗುವ ಮೊಟ್ಟೆಯೊಳಗಿನ ವಸ್ತು, ಶೇಖರವಾಗುವುದಿಲ್ಲ. ಒಂದು ಹಂತದವರೆಗೆ ಬೆಳೆದು ನಶಿಸುತ್ತವೆ, ಅವುಗಳ ಜಾಗದಲ್ಲಿ ಬೇರೆಯವು ಬೆಳೆಯುತ್ತವೆ.

ಬಳಸಲಾರದ ಅಂಡಗಳನ್ನು ಗಂಡು ಏಕೆ ಹೊತ್ತುಕೊಂಡಿದೆ? ಅದು ಬಳಸಲಾರದ್ದೇನೂ ಅಲ್ಲ ಎಂಬುದನ್ನು ತೋರಿಸಿಕೊಟ್ಟವಳು ಜಿನೀವಾದ ವಿಜ್ಞಾನಿ ಕಿಟ್ಟಿ ಪೋನ್ಸ್. 1920ರ ದಶಕದಲ್ಲಿ ಆಕೆ ಗಂಡು ನೆಲಗಪ್ಪೆಗಳ ವೃಷಣಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದು, ಬಿಡ್ಡರ್ ಅಂಗವನ್ನು ಹಾಗೆಯೇ ಬಿಟ್ಟು, ಪ್ರಾಣಿಗಳನ್ನು ತಾಳ್ಮೆಯಿಂದ ಸಾಕಿದಳು. ಕಾಲ ಸರಿದಂತೆ ಆ ಪುಟ್ಟ ಮುದ್ದೆ ಬೆಳೆಯತೊಡಗಿತು. ಅಂಡಕೋಶಗಳಲ್ಲಿ ಭಂಡಾರ ತುಂಬಿತು. ಕೊನೆಗೆ ಅದು ನಿಜವಾದ ಅಂಡಾಶಯವೇ ಆಯಿತು. ಗಂಡಾಗಿ ಹುಟ್ಟಿ ಬೆಳೆದ ನೆಲಗಪ್ಪೆ ಮೊಟ್ಟೆಯಿಟ್ಟಿತು, ಆ ಮೊಟ್ಟೆಗಳಿಂದ ಮರಿಗಳಾದವು.

ಈ ಪ್ರಯೋಗವನ್ನು ನಾನು ತರಗತಿಯಲ್ಲಿ ವಿವರಿಸಿದಾಗಲೆಲ್ಲ ಒಬ್ಬರಾದರೂ ವಿದ್ಯಾರ್ಥಿನಿ ಕೇಳುವ ಪ್ರಶ್ನೆಯೊಂದಿದೆ: ‘ಸರ್, ಅಂಡಾಶಯವೇನೋ ಆಯಿತು, ಮೊಟ್ಟೆ ಹೊರಗೆ ಬರಲು ಅಂಡನಾಳ ಎಲ್ಲಿಂದ ಬಂತು?’ ಬಹಳ ಒಳ್ಳೆಯ ಪ್ರಶ್ನೆ. ಕಶೇರುಕಗಳ ಭ್ರೂಣದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎರಡು ಜೋಡಿ ನಾಳಗಳು ರೂಪುಗೊಳ್ಳುತ್ತವೆ. ಒಂದು ವೂಲ್ಫಿಯನ್, ಇನ್ನೊಂದು ಮುಲ್ಲೇರಿಯನ್. ಹೆಣ್ಣಿನಲ್ಲಿ ಮುಲ್ಲೇರಿಯನ್ ನಾಳವೇ ಅಂಡನಾಳವಾಗುತ್ತದೆ. ಮನುಷ್ಯರ ಗಂಡು ಭ್ರೂಣದಲ್ಲಿ ವೃಷಣದಿಂದ ಹೊರಡುವ ಒಂದು ಹಾರ್ಮೋನು ಅದನ್ನು ಕರಗಿಸಿಬಿಡುತ್ತದೆ. ಗಂಡು ನೆಲಗಪ್ಪೆಯಲ್ಲಿಯಾದರೋ ಅದು ಸಪೂರವಾದ ದಾರದಂತೆ ಮೂತ್ರಪಿಂಡದ ಹೊರಬದಿಯಲ್ಲಿ ಉಳಿದುಕೊಂಡಿರುತ್ತದೆ. ವೃಷಣ ಹೋಗಿ ಅಂಡಾಶಯ ಬಂದಾಗ, ಅಂಡಾಶಯದ ಹಾರ್ಮೋನಿನಿಂದ ಆ ದಾರ ದಪ್ಪವಾಗಿ, ಸುರುಳಿಯಾಗಿ, ಲೋಳೆ ಸ್ರವಿಸುವ ಅಂಡನಾಳವಾಗುತ್ತದೆ. ಅಂದರೆ ಗಂಡಿನ ಒಡಲಲ್ಲಿ ಅಂಡಾಶಯ ಮಾತ್ರವಲ್ಲ, ಅದರ ಹೊರದಾರಿಯೂ ಸಿದ್ಧವಾಗಿಯೇ ಇದೆ.

ಪೋನ್ಸ್ ಅಲ್ಲಿಗೆ ನಿಲ್ಲಲಿಲ್ಲ. ಹೀಗೆ ಹೆಣ್ಣಾದ ಗಂಡನ್ನು ಸಾಮಾನ್ಯ ಗಂಡಿನೊಂದಿಗೆ ಕೂಡಿಸಿದಾಗ ಮರಿಗಳೆಲ್ಲ ಗಂಡೇ ಆದವು. ಇದರ ಅರ್ಥ ಆಳವಾದುದು. ನಮ್ಮಲ್ಲಿ ತಂದೆಯ ವರ್ಣತಂತು ಮಗುವಿನ ಲಿಂಗವನ್ನು ನಿರ್ಧರಿಸುತ್ತದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಎಕ್ಸ್ ಮತ್ತು ವೈ. ಯುರೋಪಿನ ಸಾಮಾನ್ಯ ನೆಲಗಪ್ಪೆಯಲ್ಲಿ ಕೋಳಿಗಳಲ್ಲಿರುವಂತೆ ಇದು ತಿರುಗುಮುರುಗು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಝಡ್ ಮತ್ತು ಡಬ್ಲ್ಯು. ಎರಡು ಝಡ್ ಇರುವ ತಂದೆಗೂ, ಎರಡು ಝಡ್ ಇರುವ ‘ತಾಯಿ’ಗೂ ಹುಟ್ಟಿದ ಮರಿಯಲ್ಲಿ ಹೆಣ್ಣಾಗಲು ಬೇಕಾದ ಡಬ್ಲ್ಯು ಎಲ್ಲಿಂದ ಬಂದೀತು? ವರ್ಣತಂತುಗಳನ್ನು ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದ ಕಾಲದಲ್ಲಿ, ಒಂದು ಹರಿತವಾದ ಚೂರಿ ಮತ್ತು ವರ್ಷಗಟ್ಟಲೆ ಸಾಕುವ ಸಹನೆಯಿಂದ ತಲುಪಿದ ತೀರ್ಮಾನವಿದು.

ನನಗೆ ಇದರಲ್ಲಿ ಕಾಣುವ ಮುಖ್ಯ ಸಂಗತಿಯನ್ನು ಹೇಳುತ್ತೇನೆ. ಲಿಂಗ ಎಂಬುದು ಹುಟ್ಟಿನಲ್ಲಿಯೇ ತೀರ್ಮಾನವಾಗಿ, ಕಡತ ಮುಚ್ಚಿದಂತೆ ಮುಗಿದುಹೋಗುವ ವಿಷಯವೆಂದು ನಾವು ಭಾವಿಸುತ್ತೇವೆ. ನೆಲಗಪ್ಪೆಯಲ್ಲಿ ಹಾಗಲ್ಲ. ಅದರ ಗಂಡುತನ ವೃಷಣವು ಪ್ರತಿದಿನ ನಡೆಸಿಕೊಂಡು ಬರುವ ಕೆಲಸ. ವೃಷಣ ಇರುವವರೆಗೆ ಬಿಡ್ಡರ್ ಅಂಗ ತಲೆಯೆತ್ತುವುದಿಲ್ಲ, ಮುಲ್ಲೇರಿಯನ್ ನಾಳ ದಾರವಾಗಿಯೇ ಉಳಿಯುತ್ತದೆ, ಬೆರಳು ಒರಟಾಗುತ್ತದೆ, ಗಂಟಲು ಉಬ್ಬುತ್ತದೆ. ವೃಷಣ ಹೋದರೆ ಇವೆಲ್ಲವೂ ಒಂದೊಂದಾಗಿ ಹಿಮ್ಮೆಟ್ಟುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಪ್ಪೆಗಳ ಸಂತಾನೋತ್ಪತ್ತಿಯ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆದಿದೆ ಎಂಬುದನ್ನು ಕನ್ನಡಿಗರಾಗಿ ನಾವು ಹೆಮ್ಮೆಯಿಂದ ನೆನೆಯಬೇಕು. ಬಿಡ್ಡರ್ ಅಂಗ ನೆಲಗಪ್ಪೆಗಳ ಕುಟುಂಬದ ಗುರುತೆಂದೇ ಹೇಳುವುದುಂಟು. ಈ ಕುಟುಂಬದಲ್ಲಿ 600ಕ್ಕೂ ಹೆಚ್ಚು ಜಾತಿಗಳಿವೆ. ಆದರೆ ದಕ್ಷಿಣ ಅಮೆರಿಕದ ಮೆಲನೋಫ್ರಿನಿಸ್ಕಸ್ ಎಂಬ ಕುಲದಲ್ಲಿ ಅದಿಲ್ಲ. ಆ ಕುಲ ಉಳಿದವುಗಳಿಂದ ಬಹಳ ಹಿಂದೆಯೇ ಕವಲೊಡೆದದ್ದರಿಂದ, ಬಿಡ್ಡರ್ ಅಂಗ ಆ ಕವಲಿನ ಬಳಿಕ ಬಂದ ಸಂಪತ್ತು ಎಂದು ತಿಳಿಯಬಹುದು.

ಈಗ ಹೊರಗಿನ ಗುರುತುಗಳಿಗೆ ಮರಳೋಣ. ಗಂಡಿನ ಮುಂಗಾಲಿನ ಒಳಬೆರಳುಗಳ ಮೇಲೆ ಸಂತಾನದ ಕಾಲಕ್ಕೆ ಕಪ್ಪಾದ, ಅರದಂತೆ ಒರಟಾದ ಚರ್ಮ ದಪ್ಪಗಾಗುತ್ತದೆ. ಇದನ್ನು ಮೈಥುನ ಮೆತ್ತೆ ಎನ್ನುತ್ತೇವೆ. ಮೆತ್ತೆ ಎಂಬ ಹೆಸರು ಮೃದುತ್ವವನ್ನು ಸೂಚಿಸಿದರೂ ಮುಟ್ಟಿದರೆ ಮರಳುಕಾಗದದಂತಿರುತ್ತದೆ; ನಮ್ಮ ಉಗುರಿನಲ್ಲಿರುವ ಕೆರಾಟಿನ್ ವಸ್ತುವೇ ಅದರಲ್ಲಿದೆ, ಅದರ ಕೆಳಗೆ ಲೋಳೆಗ್ರಂಥಿಗಳಿವೆ. ಗಂಡು ಹೆಣ್ಣಿನ ಬೆನ್ನೇರಿ, ಕಂಕುಳಿನ ಕೆಳಗೆ ಮುಂಗಾಲುಗಳನ್ನು ತೂರಿಸಿ ಹಿಡಿದುಕೊಂಡರೆ ಗಂಟೆಗಟ್ಟಲೆ ಬಿಡುವುದಿಲ್ಲ. ಒದ್ದೆಯಾದ ಮೈಯನ್ನು ಜಾರದಂತೆ ಹಿಡಿಯಲು ಈ ಒರಟು ಬೇಕು. ಮುಂದೋಳಿನ ಸ್ನಾಯುಗಳೂ ಆ ಕಾಲಕ್ಕೆ ದಪ್ಪವಾಗುತ್ತವೆ. ಗಾತ್ರದಲ್ಲಿ ಹೆಣ್ಣಿಗಿಂತ ಸಣ್ಣದಾದ ಗಂಡಿನ ತೋಳು ಮಾತ್ರ ಹೆಣ್ಣಿನದಕ್ಕಿಂತ ಗಟ್ಟಿಯಾಗಿ ಕಾಣುವುದು ಇದರಿಂದಲೇ. ಟೆಸ್ಟೋಸ್ಟೆರೋನ್ ಇಳಿದಾಗ ಮೆತ್ತೆಯ ಕಪ್ಪು ಮಾಸುತ್ತದೆ.

ಈ ಕಪ್ಪು ಮೆತ್ತೆ ಒಬ್ಬ ಮನುಷ್ಯನ ಜೀವವನ್ನೂ ತೆಗೆದಿದೆ. ಯುರೋಪಿನ ಸೂಲಗಿತ್ತಿ ಕಪ್ಪೆಯ ಗಂಡು ನೆಲದ ಮೇಲೆಯೇ ಕೂಡುತ್ತದೆ, ಮೊಟ್ಟೆಯ ಸರವನ್ನು ತನ್ನ ಹಿಂಗಾಲುಗಳಿಗೆ ಸುತ್ತಿಕೊಂಡು ತಿರುಗುತ್ತದೆ. ನೀರಿನಲ್ಲಿ ಹಿಡಿತದ ಅಗತ್ಯವಿಲ್ಲದ ಅದಕ್ಕೆ ಮೈಥುನ ಮೆತ್ತೆಯಿಲ್ಲ. ವಿಯೆನ್ನಾದ ಜೀವಶಾಸ್ತ್ರಜ್ಞ ಪಾಲ್ ಕಮರರ್ ಈ ಕಪ್ಪೆಗಳನ್ನು ನೀರಿನಲ್ಲಿ ಕೂಡುವಂತೆ ಮಾಡಿದಾಗ ಕೆಲವು ತಲೆಮಾರುಗಳ ಬಳಿಕ ಗಂಡುಗಳಿಗೆ ಮೆತ್ತೆ ಬಂದಿತೆಂದು, ಗಳಿಸಿದ ಗುಣ ವಂಶಕ್ಕೆ ಇಳಿಯುತ್ತದೆಂದು ಸಾರಿದನು. 1926ರಲ್ಲಿ ಅಮೆರಿಕದ ಜಿ. ಕೆ. ನೋಬಲ್ ಉಳಿದಿದ್ದ ಮಾದರಿಯನ್ನು ಪರೀಕ್ಷಿಸಿ, ಅಲ್ಲಿ ಮೆತ್ತೆಯ ಮುಳ್ಳುಗಳಿಲ್ಲ, ಕಪ್ಪು ಬಣ್ಣ ಚುಚ್ಚಿದ ಶಾಯಿಯದು ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಕೆಲವೇ ವಾರಗಳಲ್ಲಿ ಕಮರರ್ ಗುಂಡು ಹೊಡೆದುಕೊಂಡು ಪ್ರಾಣ ಬಿಟ್ಟನು. ಶಾಯಿ ಚುಚ್ಚಿದವರು ಯಾರು ಎಂಬ ಚರ್ಚೆ ಅವನ ಸಾವಿನಿಂದ ಮುಗಿಯಲಿಲ್ಲ.

ಗಂಟಲಿನ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಗಂಡಿಗೆ ಕೆಳದವಡೆಯ ಅಡಿಯಲ್ಲಿ ಒಂದೇ ಧ್ವನಿಚೀಲವಿದೆ. ಮಳೆಗಾಲದಲ್ಲಿ ಅಲ್ಲಿಯ ಚರ್ಮ ಹಳದಿಯಿಂದ ಕಿತ್ತಳೆಯತ್ತ ತಿರುಗುತ್ತದೆ. ರಾತ್ರಿ ಮದಕದ ಬದಿಯಿಂದ ಬಿಡದೆ ಕೇಳಿಬರುವ ‘ಕುರ್‌ರ್‌ರ್’ ಎಂಬ ದೀರ್ಘ ಸ್ವರ ಅದರದು. ಇನ್ನೊಂದು ಕೂಗು ಗಿಡ್ಡನೆಯದು. ಕತ್ತಲಲ್ಲಿ ಗಂಡು ಕಪ್ಪೆ ಸಿಕ್ಕಿದ್ದನ್ನೆಲ್ಲ ತಬ್ಬಿಕೊಳ್ಳುತ್ತದೆ, ಇನ್ನೊಂದು ಗಂಡನ್ನೂ. ಹಾಗೆ ತಬ್ಬಿಸಿಕೊಂಡ ಗಂಡು ಮೈಯನ್ನು ಅದುರಿಸಿ ‘ಕ್ವಿಕ್ ಕ್ವಿಕ್’ ಎಂದು ಕೂಗುತ್ತದೆ, ಹಿಡಿದದ್ದು ಬಿಡುತ್ತದೆ. ಉಡುಪಿಯ ಮದುವೆಯ ವರನನ್ನು ಗುರುತಿಸುವ ಸರಳವಾದ ಉಪಾಯ ಇದೇ. ಎರಡು ಬೆರಳುಗಳಿಂದ ಕಂಕುಳಿನ ಬಳಿ ಮೆಲ್ಲಗೆ ಹಿಡಿಯಬೇಕು. ಪ್ರಾಯದ ಗಂಡಾದರೆ ಬಿಡುಗಡೆಯ ಕೂಗು ಹಾಕುತ್ತದೆ, ಹೆಣ್ಣು ಸಾಮಾನ್ಯವಾಗಿ ಸುಮ್ಮನಿರುತ್ತದೆ.

ಗಂಡಿನ ವೀರ್ಯ ಮೊಟ್ಟೆಗೆ ತಲುಪುವುದು ಮೈಯ ಹೊರಗೆ, ನೀರಿನಲ್ಲಿ. ಇದನ್ನು ಸ್ಪಷ್ಟವಾಗಿ ತೋರಿಸಿದವನು 18ನೆಯ ಶತಮಾನದ ಇಟಲಿಯ ಪಾದ್ರಿ ಲಾಜರೋ ಸ್ಪಾಲಾಂಝಾನಿ. ಅವನು ಮೇಣ ಹಚ್ಚಿದ ರೇಷ್ಮೆಬಟ್ಟೆಯಿಂದ ಸಣ್ಣ ಚಡ್ಡಿಗಳನ್ನು ಹೊಲಿದು ಗಂಡು ಕಪ್ಪೆಗಳಿಗೆ ತೊಡಿಸಿದನು. ಅವು ಎಂದಿನಂತೆ ಹೆಣ್ಣನ್ನು ತಬ್ಬಿದವು, ಹೆಣ್ಣು ಮೊಟ್ಟೆಯಿಟ್ಟಿತು, ಆದರೆ ಮೊಟ್ಟೆಗಳು ಕೊಳೆತುಹೋದವು. ಚಡ್ಡಿಯೊಳಗೆ ಸಂಗ್ರಹವಾದ ದ್ರವವನ್ನು ಹೊಸ ಮೊಟ್ಟೆಗಳಿಗೆ ಸವರಿದಾಗ ಗೊದಮೊಟ್ಟೆಗಳಾದವು. ವೀರ್ಯವನ್ನು ಕಾಗದದಲ್ಲಿ ಸೋಸಿದರೆ ಅದರ ಶಕ್ತಿ ಹೋಗುತ್ತದೆ ಎಂಬುದನ್ನೂ ಅವನು ಕಂಡನು. ಆದರೆ ವೀರ್ಯಾಣುಗಳೇ ಕಾರಣವೆಂಬ ತೀರ್ಮಾನಕ್ಕೆ ಬರಲಿಲ್ಲ. ಇಷ್ಟು ಚೆನ್ನಾಗಿ ಪ್ರಯೋಗ ಮಾಡಿದವನೂ ತನ್ನ ಕಣ್ಣೆದುರಿನ ಉತ್ತರವನ್ನು ದಾಟಿಹೋದನು.

ವೀರ್ಯಾಣು ಒಡಲಿನಲ್ಲಿರುವಾಗ ನಿಶ್ಚಲವಾಗಿರುತ್ತದೆ. ಮೈಯೊಳಗಿನ ದ್ರವದ ಉಪ್ಪಿನಂಶ ಅದನ್ನು ತಡೆದಿಟ್ಟಿರುತ್ತದೆ. ಸಿಹಿನೀರಿಗೆ ಬಿದ್ದು ಸುತ್ತಲಿನ ಉಪ್ಪು ತೆಳುವಾದ ಕ್ಷಣ ಅದು ಎಚ್ಚರಗೊಂಡು ಈಜತೊಡಗುತ್ತದೆ. ನೆಲಗಪ್ಪೆಯ ವೀರ್ಯಾಣುವಿನ ಬಾಲದ ಉದ್ದಕ್ಕೂ ಒಂದು ತೆಳುವಾದ ಅಲೆಯಾಡುವ ಪೊರೆಯಿದೆ. ಅದು ಹೆಚ್ಚು ಹೊತ್ತು ಈಜಲಾರದು. ಆದುದರಿಂದ ಕ್ಲೋಯಕಗಳು ಹತ್ತಿರವಿರಬೇಕು, ಮೊಟ್ಟೆಯ ಸರ ಹೊರಬರುತ್ತಿರುವ ಗಳಿಗೆಯಲ್ಲಿಯೇ ವೀರ್ಯ ಬೀಳಬೇಕು. ಆ ಬಿಗಿಯಾದ ಅಪ್ಪುಗೆಯ ಉದ್ದೇಶ ಇದೇ. ತೋಡಿನ ಬದಿಯ ಹುಲ್ಲಿಗೆ ಸುತ್ತಿಕೊಂಡ, ಗಾಜಿನ ನೂಲಿನಲ್ಲಿ ಕರಿಮಣಿ ಪೋಣಿಸಿದಂತಹ ಜೋಡಿ ಸರಗಳನ್ನು ನೀವು ಕಂಡಿರಬಹುದು. ಎರಡು ಅಂಡನಾಳಗಳಿಂದ ಒಂದೊಂದು ಸರ. ಅದರಲ್ಲಿ ಸಾವಿರಾರು ಮೊಟ್ಟೆಗಳು.

ಈ ನಿಯಮಕ್ಕೂ ಅಪವಾದವಿದೆ. ಪಶ್ಚಿಮ ಆಫ್ರಿಕಾದ ನಿಂಬಾ ಪರ್ವತದ ಹುಲ್ಲುಗಾವಲಿನಲ್ಲಿರುವ ಪುಟ್ಟ ನೆಲಗಪ್ಪೆಯೊಂದರ ಗಂಡು, ಶಿಶ್ನವಿಲ್ಲದೆಯೇ, ಕ್ಲೋಯಕಕ್ಕೆ ಕ್ಲೋಯಕವನ್ನು ಒತ್ತಿ ವೀರ್ಯವನ್ನು ಹೆಣ್ಣಿನೊಳಗೆ ಸೇರಿಸುತ್ತದೆ. ಹೆಣ್ಣು ಸುಮಾರು 9 ತಿಂಗಳು ಹೊತ್ತು, ಗೊದಮೊಟ್ಟೆಯನ್ನಲ್ಲ, ಪೂರ್ಣರೂಪದ ಕಪ್ಪೆಮರಿಗಳನ್ನು ಹೆರುತ್ತದೆ.

ಗಂಡು ನೆಲಗಪ್ಪೆಯ ವೃಷಣ ಮನುಷ್ಯರ ನೆರವಿಗೂ ಬಂದಿದೆ. ಗರ್ಭಿಣಿಯ ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಇರುತ್ತದೆ. ಕಪ್ಪೆಯ ಪಿಟ್ಯುಟರಿ ಕೊಡುವ ಅಪ್ಪಣೆಯನ್ನು ಅದೂ ಕೊಡಬಲ್ಲದು. 1947ರಲ್ಲಿ ಅರ್ಜೆಂಟೀನಾದ ವೈದ್ಯ ಕಾರ್ಲೋಸ್ ಗಾಲಿ ಮೈನಿನಿ ಇದನ್ನೇ ಪರೀಕ್ಷೆಯಾಗಿಸಿದನು. ಮಹಿಳೆಯ ಮೂತ್ರವನ್ನು ಗಂಡು ನೆಲಗಪ್ಪೆಯ ಬೆನ್ನಿನ ಚರ್ಮದಡಿಗೆ ಚುಚ್ಚಿ, ಕೆಲವು ಗಂಟೆಗಳ ಬಳಿಕ ಕಪ್ಪೆಯ ಕ್ಲೋಯಕದಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ವೀರ್ಯಾಣು ಕಂಡರೆ ಮಹಿಳೆ ಗರ್ಭಿಣಿ. ಅದಕ್ಕೂ ಹಿಂದಿನ ಕೆಲವು ಪರೀಕ್ಷೆಗಳಲ್ಲಿ ಇಲಿಯನ್ನೋ ಮೊಲವನ್ನೋ ಕೊಂದು ಅಂಡಾಶಯವನ್ನು ನೋಡಬೇಕಾಗಿತ್ತು, ದಿನಗಟ್ಟಲೆ ಕಾಯಬೇಕಾಗಿತ್ತು. ಇಲ್ಲಿ ಕಪ್ಪೆ ಸಾಯುವುದಿಲ್ಲ. ಕೆಲವು ದಿನ ವಿಶ್ರಾಂತಿ ಕೊಟ್ಟು ಮತ್ತೆ ಬಳಸಬಹುದು. ವೃಷಣದಿಂದ ಮೂತ್ರಪಿಂಡಕ್ಕೆ, ಅಲ್ಲಿಂದ ಕ್ಲೋಯಕಕ್ಕೆ ಎಂದು ನಾನು ಆಗ ವರ್ಣಿಸಿದ ದಾರಿ ಎಷ್ಟು ನೇರವಾದುದು ಎಂಬುದಕ್ಕೆ ಈ ವೇಗವೇ ಸಾಕ್ಷಿ. ಔಷಧದಂಗಡಿಯ ಪಟ್ಟಿ ಬರುವವರೆಗೆ ಎಷ್ಟೋ ತಾಯಂದಿರಿಗೆ ಮೊದಲ ಸುದ್ದಿ ತಲುಪಿದ್ದು ಕಪ್ಪೆಯ ಮೂಲಕ.

ಕೊನೆಯದಾಗಿ ನನ್ನನ್ನು ಕಳವಳಕ್ಕೆ ಈಡುಮಾಡುವ ಒಂದು ವಿಷಯ. ಗಂಡುತನವನ್ನು ವೃಷಣ ದಿನನಿತ್ಯ ಕಾಪಾಡಬೇಕಾದ ಪ್ರಾಣಿಯಲ್ಲಿ, ಹಾರ್ಮೋನುಗಳನ್ನು ಏರುಪೇರು ಮಾಡುವ ರಾಸಾಯನಿಕ ಸೇರಿದರೆ ಏನಾದೀತು? ಅಮೆರಿಕದ ಫ್ಲಾರಿಡಾದಲ್ಲಿ ಕಬ್ಬು, ತರಕಾರಿ ಬೆಳೆಯುವ ಕೃಷಿಭೂಮಿಯ ಕೇನ್ ನೆಲಗಪ್ಪೆಗಳನ್ನು ಪೇಟೆಯ ನೆಲಗಪ್ಪೆಗಳೊಂದಿಗೆ ಹೋಲಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕೃಷಿ ಹೆಚ್ಚಿದಷ್ಟೂ ವೃಷಣ ಅಂಡಾಶಯಗಳೆರಡರ ಲಕ್ಷಣವೂ ಇರುವ ಪ್ರಾಣಿಗಳು ಹೆಚ್ಚಾಗಿದ್ದವು. ಗಂಡುಗಳ ಮೈಬಣ್ಣ ಹೆಣ್ಣಿನಂತಾಗಿತ್ತು, ಮೈಥುನ ಮೆತ್ತೆ ಕುಂದಿತ್ತು. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದು, ಅದರ ಫಲವನ್ನು ಮನುಷ್ಯರ ಮೈಯಲ್ಲಿಯೇ ಕಂಡ ಜಿಲ್ಲೆಯವರು ನಾವು. ಅಡಿಕೆಗೆ ಮೈಲುತುತ್ತು ಸಿಂಪಡಿಸುವುದು ಮಳೆಗಾಲದಲ್ಲಿ, ಗೊದಮೊಟ್ಟೆಗಳು ತೋಟದ ಕಣಿಗಳಲ್ಲಿ ಈಜುತ್ತಿರುವ ದಿನಗಳಲ್ಲಿಯೇ. ಮೈಲುತುತ್ತಿನಲ್ಲಿರುವ ತಾಮ್ರ ಗೊದಮೊಟ್ಟೆಗೆ ವಿಷ. ತೋಟದವರಿಗೆ ಬೆಳೆ ಉಳಿಸಿಕೊಳ್ಳುವ ಕಷ್ಟವಿದೆ, ಅದನ್ನು ನಾನು ಬಲ್ಲೆ. ಔಷಧಿ ಕಲಸುವ ಪೀಪಾಯಿಯನ್ನು ಕಣಿಯಲ್ಲಿ ತೊಳೆಯದಿರುವುದಾದರೂ ನಮ್ಮ ಕೈಯಲ್ಲಿದೆ.

ಉಪನ್ಯಾಸ ಮುಗಿದ ಮೇಲೆ ಕೆಲವು ವಿದ್ಯಾರ್ಥಿಗಳು ಬಿಡಲಿಲ್ಲ. ಟಾರ್ಚ್ ಹಿಡಿದುಕೊಂಡು ಸಮೀಪದ ಹಳೆಯ ಕೆಂಪುಕಲ್ಲಿನ ಕೋರೆಯ ಬಳಿಗೆ ಹೋದೆವು. ಹಿಂದಿನ ದಿನದ ಮಳೆಗೆ ಅದರಲ್ಲಿ ಮೊಣಕಾಲು ಮಟ್ಟದ ನೀರು ನಿಂತಿತ್ತು, ಎರಡು ಮೂರು ಕಡೆಯಿಂದ ಕೂಗು ಕೇಳುತ್ತಿತ್ತು. ಒಂದು ಜೋಡಿ ಆಗಲೇ ಕೂಡಿಕೊಂಡಿತ್ತು. ಅದರ ಹತ್ತಿರ ಹೋಗಲಿಲ್ಲ. ದಂಡೆಯಲ್ಲಿ ಒಂಟಿಯಾಗಿ ಕುಳಿತಿದ್ದ ಒಂದನ್ನು, ಕೈ ಒದ್ದೆ ಮಾಡಿಕೊಂಡು, ಒಬ್ಬ ವಿದ್ಯಾರ್ಥಿನಿ ನಾನು ಹೇಳಿದಂತೆ ಎರಡು ಬೆರಳುಗಳಿಂದ ಹಿಡಿದಳು. ಅದರ ಮೈ ಅದುರಿತು. ‘ಕ್ವಿಕ್, ಕ್ವಿಕ್, ಕ್ವಿಕ್.’ ಟಾರ್ಚಿನ ಬೆಳಕಿನಲ್ಲಿ ಅದರ ಒಳಬೆರಳಿನ ಮೇಲಿನ ಕಪ್ಪು ಮೆತ್ತೆಯನ್ನು ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ‘ಸರ್, ಇದರೊಳಗೂ ಅದು ಇದೆಯಲ್ಲವೇ?’ ಎಂದು ಅವಳು ಕೇಳಿದಳು. ಇದೆ ಎಂದೆನು. ಅವಳು ಅದನ್ನು ನೀರಿನ ಅಂಚಿನಲ್ಲಿ ಇಳಿಸಿದಳು. ಸ್ವಲ್ಪ ಹೊತ್ತು ಅಲುಗಾಡದೆ ಕುಳಿತಿದ್ದು, ಆಮೇಲೆ ಅದು ಮತ್ತೆ ಗಂಟಲು ಉಬ್ಬಿಸಿ ಕರೆಯತೊಡಗಿತು.